ಲಕ್ಷಗಟ್ಟಲೆ ಅಚ್ಚಾದ ಪತ್ರಿಕೆ ಅಪರೂಪವಾದದ್ದು ಹೇಗೆ?

ಒಂದು ಚಿತ್ರ: ಊಟದ ಮೇಜಿನ ಸುತ್ತ ಒಂದು ಸಂಸಾರ. ದೊಡ್ಡವರ ಬಾಯಲ್ಲಿ ಸೈಕಲ್ಲಿನ ಬಿಡಿಭಾಗ, ಕೂಸಿನ ಬಾಯಲ್ಲಿ ಕೊಡಲಿ, ನಾಯಿಗೆ ನಟ್ಟು-ಬೋಲ್ಟು. ಗೋಡೆ ತುಂಬ ನಾಜಿಗಳ ಸ್ವಸ್ತಿಕ. ದೇಶ ಗಟ್ಟಿಯಾಗುವುದು ಕಬ್ಬಿಣದಿಂದ, ಬೆಣ್ಣೆ ತಿಂದರೆ ಜನ ದಪ್ಪಗಾಗುತ್ತಾರೆ ಅಷ್ಟೇ ಎಂದು ಹಿಟ್ಲರನ ಮಂತ್ರಿ ಗೋರಿಂಗ್ ಭಾಷಣ ಬಿಗಿದಿದ್ದ. 1935ರ ಡಿಸೆಂಬರ್‌ನಲ್ಲಿ, ಫೋಟೊಗಳನ್ನು ಕತ್ತರಿಸಿ ಅಂಟಿಸಿ ವ್ಯಂಗ್ಯಚಿತ್ರ ಮಾಡುತ್ತಿದ್ದ ಜರ್ಮನ್ ಕಲಾವಿದ ಜಾನ್ ಹಾರ್ಟ್‌ಫೀಲ್ಡ್ ಕತ್ತರಿ, ಗೋಂದು ಹಿಡಿದು ಕೊಟ್ಟ ಉತ್ತರ ಇದು.

ಅದು ಅಚ್ಚಾದದ್ದು ‘ಎಐಝಡ್’ನಲ್ಲಿ, ಅಂದರೆ ಜರ್ಮನ್ ಕಾರ್ಮಿಕರ ಸಚಿತ್ರ ವಾರಪತ್ರಿಕೆಯಲ್ಲಿ. ಇದರ ಬೇರು ಇರುವುದು ಬರಗಾಲದಲ್ಲಿ. 1921ರಲ್ಲಿ ರಷ್ಯಾದ ವೋಲ್ಗಾ ಸೀಮೆ ಹಸಿವಿನಿಂದ ನರಳುತ್ತಿದ್ದಾಗ, ನೆರವು ಸಂಗ್ರಹಿಸಲು ಹೊರಟ ಕಮ್ಯುನಿಸ್ಟ್ ಸಂಘಟಕ ವಿಲ್ಲಿ ಮ್ಯುನ್ಸೆನ್‌ಬರ್ಗ್ ಬರ್ಲಿನ್‌ನಲ್ಲಿ ‘ಚಿತ್ರಗಳಲ್ಲಿ ಸೋವಿಯತ್ ರಷ್ಯಾ’ ಎಂಬ ಪತ್ರಿಕೆ ತಂದ. ಮರುವರ್ಷ ಅದು ‘ಕುಡುಗೋಲು ಮತ್ತು ಸುತ್ತಿಗೆ’ಯಾಯಿತು, ಆಮೇಲೆ ಎಐಝಡ್. (1927ರ ಬ್ರಸೆಲ್ಸ್ ಸಾಮ್ರಾಜ್ಯಶಾಹಿ ವಿರೋಧಿ ಸಮಾವೇಶದ ಹಿಂದಿದ್ದವನೂ ಇದೇ ಮನುಷ್ಯ, ನೆಹರೂ ಅಲ್ಲಿಗೆ ಹೋಗಿದ್ದರು.)

ಸಂಪಾದಕರಿಗೆ ಒಂದು ತಾಪತ್ರಯವಿತ್ತು. ಫೋಟೊ ಏಜೆನ್ಸಿಗಳ ಬಳಿ ಮಂತ್ರಿ, ನಟಿ, ಕುದುರೆ ಜೂಜಿನ ಚಿತ್ರಗಳು ಬೇಕಾದಷ್ಟು. ಕೂಲಿಯವನ ಅಡುಗೆಮನೆಯದು ಮಾತ್ರ ಇಲ್ಲ. 1926ರಲ್ಲಿ ಪತ್ರಿಕೆ ಓದುಗರನ್ನೇ ಕೇಳಿತು: ನಿಮ್ಮ ಬದುಕಿನ ಫೋಟೊ ನೀವೇ ತೆಗೆದು ಕಳಿಸಿ. ಕಾರ್ಮಿಕ ಛಾಯಾಗ್ರಾಹಕರ ಚಳವಳಿಯೊಂದು ಅಲ್ಲಿಂದ ಬೆಳೆಯಿತು. ನನ್ನ ಮಟ್ಟಿಗೆ ಹಾರ್ಟ್‌ಫೀಲ್ಡ್‌ನ ವ್ಯಂಗ್ಯಕ್ಕಿಂತ ದೊಡ್ಡ ಕೊಡುಗೆ ಇದು.

ಉಚ್ಛ್ರಾಯದಲ್ಲಿ ಪ್ರಸಾರ 5 ಲಕ್ಷದ ಹತ್ತಿರ ಎನ್ನುತ್ತಾರೆ. ಪ್ರಚಾರವೇ ಕಸುಬಾದವರ ಲೆಕ್ಕ, ಸ್ವಲ್ಪ ಕಳೆದೇ ನಂಬಬೇಕು. 1933ರಲ್ಲಿ ಹಿಟ್ಲರ್ ಬಂದ, ಪತ್ರಿಕೆ ಪ್ರಾಗ್‌ಗೆ ಓಡಿತು, ಪ್ರಸಾರ 12,000ದ ಆಸುಪಾಸಿಗೆ ಇಳಿಯಿತು. 1936ರಲ್ಲಿ ಹೆಸರು ಬದಲಾಯಿತು. ಚೆಕೊಸ್ಲೊವಾಕಿಯಾದ ಗಡಿನಾಡನ್ನು ಹಿಟ್ಲರನಿಗೆ ಬಿಟ್ಟುಕೊಟ್ಟ 1938ರ ಮ್ಯೂನಿಕ್ ಒಪ್ಪಂದದ ಬಳಿಕ ಪ್ರಾಗ್‌ನಲ್ಲೂ ನೆಲೆ ತಪ್ಪಿತು. ಜರ್ಮನಿಯಲ್ಲಿ ಹಳೆಯ ಸಂಚಿಕೆ ಮನೆಯಲ್ಲಿಟ್ಟುಕೊಳ್ಳುವುದೇ ಅಪಾಯವಾಗಿತ್ತು. ಕಾಗದವೂ ಬಾಳಿಕೆಯದ್ದಲ್ಲ.

ಹಾಗಾಗಿಯೇ ಡಿಜಿಟಲ್ ಪ್ರತಿಗಳಿಗೆ ಇಷ್ಟು ಬೆಲೆ. ಬರ್ಲಿನ್‌ನ ಕಲಾ ಅಕಾಡೆಮಿಯಲ್ಲಿರುವ ಹಾರ್ಟ್‌ಫೀಲ್ಡ್ ಸಂಗ್ರಹವನ್ನು ಈಗ ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ಅಂಟಿಸಿದ ಮೂಲ ಹಾಳೆಯಲ್ಲಿ ಕತ್ತರಿಯ ಗುರುತು, ಬಣ್ಣ ತೀಡಿ ಮುಚ್ಚಿದ ಅಂಚು ಕಾಣುತ್ತವೆ. ಅಚ್ಚಾದ ಪುಟದಲ್ಲಿ ಅವೆಲ್ಲ ಮಾಯ. ಹಾರ್ಟ್‌ಫೀಲ್ಡ್ ಜನರ ಕೈಗಿಡಲು ಬಯಸಿದ್ದು ಆ ಅಚ್ಚಾದ ಪುಟವನ್ನು.