ಜೀತ, ಸಂಬಳ, ಬಿಡುಗಡೆ: ಕೋಲಾರ ಸೀಮೆಯಲ್ಲಿ ಸ್ವಾತಂತ್ರ್ಯದ ಅರ್ಥಗಳು

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಗಡಿ ಊರುಗಳ ಅನೇಕ ಮನೆಗಳಲ್ಲಿ ಮಾತು ತೆಲುಗು, ಕಚೇರಿಯಲ್ಲಿ ಕನ್ನಡ. ಅಲ್ಲಿ ಮೇಷ್ಟರಿಗೆ ತಿಂಗಳ ಕೊನೆಗೆ ಬರುವುದು ‘ಜೀತಂ’, ಸಾಲಕ್ಕೆ ಸಿಕ್ಕಿ ಇನ್ನೊಬ್ಬರ ಹೊಲಮನೆಯಲ್ಲಿ ವರ್ಷಗಟ್ಟಲೆ ದುಡಿಯುವುದು ‘ಜೀತ’. ‘ಜೀವಿತ’ದಿಂದ ಬಂದ ಈ ಪದಕ್ಕೆ ಹಿಂದೆ ಕನ್ನಡದಲ್ಲೂ ಸಂಬಳವೆಂಬ ಅರ್ಥವಿತ್ತು. ತೆಲುಗಿನಲ್ಲಿ ಅದು ಉಳಿಯಿತು, ಕನ್ನಡದಲ್ಲಿ ಸಂಬಳ ಕಳಚಿ ಕಟ್ಟು ಮಾತ್ರ ಉಳಿಯಿತು. ಯಾರು ಸ್ವತಂತ್ರರು ಎಂಬ ಪ್ರಶ್ನೆ ಕಾನೂನಿನ ಮುಂದೆ ಬಂದಾಗಲೆಲ್ಲ ಈ ಪದದ ತೊಡಕೂ ಜೊತೆಗೆ ಬಂದಿದೆ.

1938ರ ಏಪ್ರಿಲ್ 25ರಂದು ಇದೇ ಸೀಮೆಯ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದವರ ಮೇಲೆ ಗುಂಡು ಹಾರಿದಾಗ ಸ್ವಾತಂತ್ರ್ಯವೆಂದರೆ ಸ್ವರಾಜ್ಯವೇ ಆಗಿತ್ತು. 1950ರ ಸಂವಿಧಾನ ಅದನ್ನು ವ್ಯಕ್ತಿಯ ಬಳಿಗೆ ತಂದಿತು: 19ನೇ ವಿಧಿಯಲ್ಲಿ ಮಾತು, ಸಂಚಾರ, ಉದ್ಯೋಗ, 23ನೇ ವಿಧಿಯಲ್ಲಿ ಬಿಟ್ಟಿ ಬೇಗಾರಿ ಮತ್ತು ಒತ್ತಾಯದ ದುಡಿಮೆಯ ನಿಷೇಧ. ಆದರೆ ಜೀತವನ್ನೇ ಗುರಿಯಾಗಿಸಿದ ದೇಶವ್ಯಾಪಿ ಕಾನೂನಿಗೆ ಇನ್ನೂ 25 ವರ್ಷ ಕಾಯಬೇಕಾಯಿತು.

1975ರ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ. ಅದು ತುರ್ತು ಪರಿಸ್ಥಿತಿಯ ಕಾಲ; ಪತ್ರಿಕೆಯ, ಸಭೆಯ ಸ್ವಾತಂತ್ರ್ಯ ಮೊಟಕಾಗಿದ್ದ ತಿಂಗಳುಗಳಲ್ಲೇ ಕೊಟ್ಟಿಗೆಯಲ್ಲಿ ಮಲಗುವವನ ಸ್ವಾತಂತ್ರ್ಯಕ್ಕೆ ಕಾನೂನಿನ ಬಲ ಬಂತು. ಈ ಕಾಯ್ದೆ ಜೀತಸಾಲವನ್ನು ರದ್ದುಮಾಡಿತು, ಕರಾರುಗಳನ್ನು ಅಸಿಂಧುಗೊಳಿಸಿತು, ಸಾಲ ಜೀತದ್ದಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಸಾಲ ಕೊಟ್ಟವನ ಮೇಲೆ ಹೊರಿಸಿತು. ಜೀತವೆಂದರೇನು ಎನ್ನುವಾಗ ಅದು ಸರಪಳಿಯನ್ನು ಹುಡುಕಲಿಲ್ಲ. ಮುಂಗಡಕ್ಕೆ ಬದಲಾಗಿ ಬೇರೆಡೆ ಕೆಲಸಕ್ಕೆ ಹೋಗುವ ಅಥವಾ ಇಷ್ಟಬಂದಲ್ಲಿ ತಿರುಗಾಡುವ ಹಕ್ಕನ್ನು ಕಳೆದುಕೊಳ್ಳುವುದೂ ಜೀತವೇ ಎಂದಿತು.

ತೊಡಕು ಶುರುವಾದದ್ದು ವಿಚಾರಣೆಯಲ್ಲಿ. ‘ಜೀತಕ್ಕಿದ್ದೀಯೇನಪ್ಪ?’ ಎಂದು ಅಧಿಕಾರಿ ಕೇಳಿದರೆ, ‘ಇಲ್ಲ ಸ್ವಾಮಿ, ಸಂಬಳಕ್ಕಿದೀನಿ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಜೀತ ಎಂಬುದು ಅವಮಾನದ ಪದವಾದ ಮೇಲೆ ಆಳೂ ಧಣಿಯೂ ವರ್ಷದ ಲೆಕ್ಕವನ್ನು ಸಂಬಳ ಎಂದೇ ಕರೆಯುತ್ತಾರೆ. ಕಡತದಲ್ಲಿ ‘ಜೀತವಿಲ್ಲ’ ಎಂದು ಬರೆದು ಮುಗಿಸಲು ಆ ಒಂದು ಮಾತು ಸಾಕಾಗುತ್ತದೆ. ಅದೇ ಮನುಷ್ಯನನ್ನು ‘ಜ್ವರ ಬಂದ ದಿನ ಏನು ಮಾಡ್ತೀಯ?’ ಎಂದು ಕೇಳಿದರೆ ‘ಮಗನ್ನ ಕಳಿಸ್ತೀನಿ’ ಎನ್ನಬಹುದು. ಪಕ್ಕದ ಹೊಲದಲ್ಲಿ ಕೂಲಿ ಹೆಚ್ಚು ಕೊಟ್ಟರೆ ಹೋಗುತ್ತೀಯಾ ಎಂದರೆ ಸುಮ್ಮನಾಗಬಹುದು. ಕೇಳಬೇಕಾದ ಪ್ರಶ್ನೆಗಳು ಇವೇ ಎಂದು ನನಗೆ ತೋರುತ್ತದೆ, ಏಕೆಂದರೆ ಕಾಯ್ದೆಯ ವ್ಯಾಖ್ಯಾನದಲ್ಲಿರುವುದೂ ಇವೇ.

ನ್ಯಾಯಾಲಯ ಈ ದಿಕ್ಕಿನಲ್ಲೇ ನಡೆಯಿತು. ಏಷ್ಯನ್ ಕ್ರೀಡಾಕೂಟದ ಕಾಮಗಾರಿ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಒತ್ತಾಯದ ದುಡಿಮೆಯೇ, ಹಸಿವಿನ ಒತ್ತಾಯವೂ ಒತ್ತಾಯವೇ ಎಂದಿತು.

ಜೀತದಾಳೆಂದು ಗುರುತಿಸಿದ ಮೇಲೆ ಸಿಗುವುದು ಬಿಡುಗಡೆ ಪತ್ರ. ಕನ್ನಡದಲ್ಲಿ ಬಿಡುಗಡೆ ಮನುಷ್ಯನಿಗೂ ಆಗುತ್ತದೆ, ಅನುದಾನಕ್ಕೂ ಆಗುತ್ತದೆ. ಮೊದಲನೆಯದು ಆಗಿ ಎರಡನೆಯದು ತಡವಾದರೆ ಬಿಡುಗಡೆಯಾದವನು ಹಳೆಯ ಮನೆಗೇ ಸಾಲಕ್ಕೆ ಹೋಗಬೇಕಾಗುತ್ತದೆ. 1978ರ ಪುನರ್ವಸತಿ ಯೋಜನೆಯಲ್ಲಿ ತಲಾ 4,000 ರೂಪಾಯಿ ಇದ್ದ ನೆರವು 2016ರಲ್ಲಿ ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಅತಿ ಕ್ರೂರ ಪ್ರಕರಣಗಳಲ್ಲಿ 3 ಲಕ್ಷಕ್ಕೆ ಏರಿತು. ಆದರೆ ಅಂತಿಮ ಪಾವತಿಯನ್ನು ನ್ಯಾಯಾಂಗ ಪ್ರಕ್ರಿಯೆಗೆ ಗಂಟುಹಾಕಲಾಯಿತು.

ಮಾಲೂರಿನ ಕಡೆಯ ಇಟ್ಟಿಗೆ ಗೂಡುಗಳಂಥ ಕಡೆ ಈಗ ಜೀತವೂ ಇಲ್ಲ, ಸಂಬಳವೂ ಇಲ್ಲ, ಇರುವ ಪದ ‘ಅಡ್ವಾನ್ಸು’. ದೂರದ ರಾಜ್ಯದಿಂದ ಬಂದ ಕುಟುಂಬ ಹೊರಡುತ್ತೇನೆಂದರೆ ‘ಹೋಗಲಿ, ಯಾರು ಬೇಡ ಅಂದರು, ಲೆಕ್ಕ ತೀರಿಸಿ ಹೋಗಲಿ’ ಎಂಬ ಮಾತು ನ್ಯಾಯವೆಂಬಂತೆ ಕೇಳಿಸುತ್ತದೆ. ಆ ಲೆಕ್ಕದ ಹೆಸರಿನಲ್ಲಿ ದಾರಿ ಕಟ್ಟಿದ್ದರೆ ಅದು ಜೀತಸಾಲ. ಕಾಯ್ದೆಯ 6ನೇ ಕಲಮಿನ ಪ್ರಕಾರ ಆ ಕುಟುಂಬ ತೀರಿಸಬೇಕಾದದ್ದು ಏನೂ ಇಲ್ಲ.