“ತಂಗೀ, ಯಾವ ವಿಮಾನ?”

ಹೋದ ವಾರ ಕಾಳಿ ನದಿಯಾಚೆಯ ಸದಾಶಿವಗಡದ ಒಬ್ಬ ಅಮ್ಮ ಕಾರವಾರದ ನಮ್ಮ ಟಿಕೆಟ್ ಅಂಗಡಿಗೆ ಬಂದಿದ್ದರು. ಮಗ ದುಬೈಯಲ್ಲಿದ್ದಾನೆ, ಸೊಸೆಗೆ ದಿನ ತುಂಬುತ್ತಾ ಬಂದಿದೆ. ವೀಸಾ ಆಗಿದೆ, ಟಿಕೆಟ್ ಮಾತ್ರ ಬಾಕಿ. ಅವರು ದರ ಕೇಳಲಿಲ್ಲ. ಊಟ ಕೊಡ್ತಾರಾ ಅಂತಲೂ ಕೇಳಲಿಲ್ಲ. ಕುರ್ಚಿಯಲ್ಲಿ ಕೂತವರೇ, “ತಂಗೀ, ಯಾವ ವಿಮಾನ? ಬಿದ್ದಿತ್ತಲ್ಲ, ಅದು ಅಲ್ಲ ತಾನೇ?” ಎಂದರು. ಅವರು ಇದುವರೆಗೆ ಹತ್ತಿರದಿಂದ ನೋಡಿದ ವಿಮಾನ ಒಂದೇ. ಕಾರವಾರದ ಕಡಲತೀರದಲ್ಲಿ ಯುದ್ಧನೌಕೆಯ ಪಕ್ಕ ನಿಲ್ಲಿಸಿರುವ ನೌಕಾಪಡೆಯ ಹಳೆ ಟುಪೊಲೆವ್.

ಅವರಿಗೆ ಹೊಂದುವ ದಿನ ಇದ್ದದ್ದು ಬೋಯಿಂಗ್ 737 ಮ್ಯಾಕ್ಸ್ 8. ಅಂದರೆ ಅವರು ಹೆದರಿದ್ದ ವಿಮಾನವೇ.

ನಾನು ಕಾರವಾರದಲ್ಲಿ ಟಿಕೆಟ್ ಮಾಡುವ ಕೆಲಸಕ್ಕೆ ಬಂದು 21 ವರ್ಷ ಆಯಿತು. ಮೊದಲೆಲ್ಲ ಈ ಪ್ರಶ್ನೆ ಇರಲಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದರು, ಉಳಿದವರು 8 ಜನ. ಆಗ ನಮ್ಮ ಕರಾವಳಿಯವರು ಹೆದರಿದ್ದು ವಿಮಾನಕ್ಕಲ್ಲ, ಆ ಗುಡ್ಡದ ಮೇಲಿನ ರನ್‌ವೇಗೆ. “ಮಂಗಳೂರು ಬೇಡ, ಗೋವಾದಿಂದ ಮಾಡಿ” ಎನ್ನುತ್ತಿದ್ದರು. ವಿಮಾನ ಯಾವ ಕಂಪನಿ ಮಾಡಿದ್ದು, ಯಾವ ಮಾದರಿ ಎಂದು ಒಬ್ಬರೂ ಕೇಳಿದ್ದು ನೆನಪಿಲ್ಲ.

ಮಾದರಿಯ ಹೆಸರು ಹಿಡಿದು ಕೇಳಲು ಶುರುವಾಗಿದ್ದು 2019ರ ಮಾರ್ಚ್‌ನಿಂದ. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯಾದ ಲಯನ್ ಏರ್ ವಿಮಾನ ಜಕಾರ್ತಾದಿಂದ ಹೊರಟು ಸಮುದ್ರಕ್ಕೆ ಬಿತ್ತು, 189 ಜನ ಸತ್ತರು. ಐದು ತಿಂಗಳೂ ಆಗಿರಲಿಲ್ಲ, 2019ರ ಮಾರ್ಚ್ 10ರಂದು ಇಥಿಯೋಪಿಯನ್ ಏರ್‌ಲೈನ್ಸ್‌ನ ವಿಮಾನ ಆಡಿಸ್ ಅಬಾಬಾದಿಂದ ಹಾರಿದ ಆರೇ ನಿಮಿಷಕ್ಕೆ ನೆಲಕ್ಕಪ್ಪಳಿಸಿತು. ಅಲ್ಲಿ 157 ಜನ. ಎರಡೂ ಮ್ಯಾಕ್ಸ್ 8. ಎರಡೂ ಹೊಚ್ಚಹೊಸವು.

ಕಾರಣವನ್ನು ನಾನು ನಮ್ಮ ಬೈತಖೋಲ ಬಂದರಿನ ಮೀನುಗಾರರಿಗೆ ಹೇಳುವುದು ಹೀಗೆ. ಹಳೆ ದೋಣಿಗೆ ದೊಡ್ಡ ಎಂಜಿನ್ ಕೂಡಿಸಿದರೆ ದೋಣಿಯ ಸಮತೋಲ ಬದಲಾಗುತ್ತದೆ, ಅಲ್ವಾ? ಇಲ್ಲೂ ಹಾಗೇ ಆಯಿತು. 737 ಬಹಳ ಹಿಂದಿನ ವಿನ್ಯಾಸ, ನೆಲಕ್ಕೆ ಹತ್ತಿರ ನಿಲ್ಲುವ ವಿಮಾನ. ಹೊಸ ದೊಡ್ಡ ಎಂಜಿನ್‌ಗೆ ರೆಕ್ಕೆಯ ಕೆಳಗೆ ಜಾಗ ಸಾಲಲಿಲ್ಲ. ಅದನ್ನು ಮುಂದಕ್ಕೆ, ಸ್ವಲ್ಪ ಮೇಲಕ್ಕೆ ತಂದು ಕೂಡಿಸಿದರು. ಆಗ ಕೆಲವು ಸಂದರ್ಭಗಳಲ್ಲಿ ವಿಮಾನದ ಮೂತಿ ಮೇಲೇಳುವುದು ಜಾಸ್ತಿಯಾಯಿತು. ಅದನ್ನು ತಾನಾಗಿ ಕೆಳಕ್ಕೆ ಒತ್ತಲು ಎಂಕ್ಯಾಸ್ ಎಂಬ ಸಾಫ್ಟ್‌ವೇರ್ ಇಟ್ಟರು. ಆ ಸಾಫ್ಟ್‌ವೇರ್ ಒಂದೇ ಒಂದು ಸೆನ್ಸರ್‌ನ ಮಾತು ಕೇಳುತ್ತಿತ್ತು. ಸೆನ್ಸರ್ ತಪ್ಪು ಹೇಳಿತು. ಪೈಲಟ್‌ಗಳು ಮೇಲಕ್ಕೆ ಎಳೆದಂತೆಲ್ಲ ಸಾಫ್ಟ್‌ವೇರ್ ಮತ್ತೆ ಮತ್ತೆ ಕೆಳಕ್ಕೆ ಒತ್ತಿತು.

ಇಷ್ಟು ಹೇಳಿದರೆ ಮೀನುಗಾರರು ತಲೆಯಾಡಿಸುತ್ತಾರೆ. ಯಂತ್ರ ಕೆಡುವುದು ಅವರಿಗೆ ಗೊತ್ತಿದ್ದದ್ದೇ. ಅವರ ಮುಖ ಬದಲಾಗುವುದು ಮುಂದಿನ ಮಾತಿಗೆ. ಈ ಎಂಕ್ಯಾಸ್ ಎಂಬುದೊಂದು ಇದೆ ಎಂದು ಪೈಲಟ್‌ಗಳ ಕೈಪಿಡಿಯಲ್ಲಿ ಬರೆದೇ ಇರಲಿಲ್ಲ. ಮೊದಲ ವಿಮಾನ ಬಿದ್ದ ಮೇಲೆ ಜಗತ್ತಿನ ಪೈಲಟ್‌ಗಳಿಗೆ ಅದರ ವಿಷಯ ತಿಳಿಯಿತು. “ಓಡಿಸುವವನಿಗೇ ಹೇಳಿರಲಿಲ್ವಾ?” ಎಂದು ದೋಣಿ ನಡೆಸುವ ಒಬ್ಬ ತಾಂಡೇಲ ನನ್ನನ್ನು ಎರಡು ಸಲ ಕೇಳಿದರು. ಅಮೆರಿಕದ ವಿಮಾನಯಾನ ಆಡಳಿತದಿಂದ ವಿಷಯ ಮುಚ್ಚಿಟ್ಟ ಮೊಕದ್ದಮೆಯಲ್ಲಿ ಬೋಯಿಂಗ್ 2021ರ ಜನವರಿಯಲ್ಲಿ 250 ಕೋಟಿ ಡಾಲರ್‌ಗೂ ಜಾಸ್ತಿ ಕಟ್ಟಲು ಒಪ್ಪಿತು.

ಅದಕ್ಕೇ ನಾನು ಈ ಭಯವನ್ನು ಸುಮ್ನೆ ತಳ್ಳಿಹಾಕುವುದಿಲ್ಲ. ಎತ್ತರಕ್ಕೆ ಹೆದರುವವರು ಬೇರೆ. ಅವರಿಗೆ ರೆಕ್ಕೆಯ ಹತ್ತಿರದ ಸೀಟು ಕೊಡುತ್ತೇನೆ, ಅಲ್ಲಿ ಕುಲುಕಾಟ ಕಡಿಮೆ. ಬೆಳಗಿನ ವಿಮಾನ ಮಾಡಿಸುತ್ತೇನೆ. ಆದರೆ ಮ್ಯಾಕ್ಸ್ ಹೆಸರು ಕೇಳಿ ಹಿಂಜರಿಯುವವರಲ್ಲಿ ಹತ್ತಾರು ಸಲ ಹಾರಿದವರೂ ಇದ್ದಾರೆ. ಅವರಿಗೆ ಹಾರಲು ಹೆದರಿಕೆ ಇಲ್ಲ. ತಮ್ಮಿಂದ ಏನೋ ಮುಚ್ಚಿಟ್ಟಿದ್ದಾರೆ ಎಂಬ ಅನುಮಾನ ಅದು. “ರಸ್ತೆಗಿಂತ ವಿಮಾನವೇ ಸುರಕ್ಷಿತ” ಎಂದರೆ ಅವರಿಗೆ ಸಮಾಧಾನ ಆಗುವುದಿಲ್ಲ. ಆ ಮಾತು ನಿಜ. ಆದರೆ ಅವರು ಕೇಳಿದ್ದು ಅದನ್ನಲ್ಲ.

ನಮ್ಮೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. 2024ರ ಆಗಸ್ಟ್ 7ರ ಮಧ್ಯರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿದದ್ದು ಯಾರು ಮರೆತಿದ್ದಾರೆ? ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಹೇಗೋ ಉಳಿದರು. ಪಕ್ಕದ ಹೊಸ ಸೇತುವೆಗೆ ಏನೂ ಆಗಿರಲಿಲ್ಲ. ತಪಾಸಣೆ ಮಾಡಿ ವಾಹನ ಬಿಟ್ಟರು. ಆದರೂ ಎಷ್ಟೋ ದಿನ ಅದರ ಮೇಲೆ ಹೋಗುವಾಗ ಗಾಡಿಯೊಳಗೆ ಮಾತು ನಿಂತುಬಿಡುತ್ತಿತ್ತು. ಹೊಸದು ಗಟ್ಟಿ ಇದೆಯಾ ಎಂಬ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇತ್ತು. ಹಳೆಯದನ್ನು ಯಾರು ನೋಡಿದ್ದರು, ನೋಡಿ ಏನು ಹೇಳಿದ್ದರು?

ಮ್ಯಾಕ್ಸ್ ವಿಷಯದಲ್ಲಿ ಆಮೇಲೆ ಏನು ಮಾಡಿದರು ಎಂಬುದನ್ನೂ ಅಷ್ಟೇ ವಿವರವಾಗಿ ಹೇಳಬೇಕು. 2019ರ ಮಾರ್ಚ್‌ನಲ್ಲಿ ಜಗತ್ತಿನೆಲ್ಲೆಡೆ ಅದನ್ನು ನೆಲಕ್ಕಿಳಿಸಿದರು. ಅಮೆರಿಕದಲ್ಲಿ ಮತ್ತೆ ಒಪ್ಪಿಗೆ ಸಿಕ್ಕಿದ್ದು 20 ತಿಂಗಳ ನಂತರ, 2020ರ ನವೆಂಬರ್‌ನಲ್ಲಿ. ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಇನ್ನೂ ಕಾದು, 2021ರ ಆಗಸ್ಟ್‌ನಲ್ಲಿ ಬಿಟ್ಟಿತು. ಈಗ ಎಂಕ್ಯಾಸ್ ಎರಡು ಸೆನ್ಸರ್‌ಗಳನ್ನು ಹೋಲಿಸಿ ನೋಡುತ್ತದೆ. ಎರಡೂ ಬೇರೆ ಬೇರೆ ಹೇಳಿದರೆ ಸುಮ್ಮನಿರುತ್ತದೆ. ಕೆಲಸ ಮಾಡಿದರೂ ಒಂದೇ ಸಲ ಒತ್ತುತ್ತದೆ, ಪೈಲಟ್ ಎಳೆದು ಸರಿಪಡಿಸಬಹುದಾದಷ್ಟೇ. ಪೈಲಟ್‌ಗಳಿಗೆ ಸಿಮ್ಯುಲೇಟರ್‌ನಲ್ಲಿ ತರಬೇತಿ ಕಡ್ಡಾಯ. ಇವನ್ನೆಲ್ಲ ತಿಳಿದ ಮೇಲೆ ನಾನೇ ಮ್ಯಾಕ್ಸ್‌ನಲ್ಲಿ ಮುಂಬೈಗೆ ಹೋಗಿ ಬಂದಿದ್ದೇನೆ.

ಹಾಗೆಂದು 2024ರ ಜನವರಿ 5ರದ್ದನ್ನು ಬಿಟ್ಟು ಹೇಳುವುದಿಲ್ಲ. ಅಂದು ಅಮೆರಿಕದ ಅಲಾಸ್ಕಾ ಏರ್‌ಲೈನ್ಸ್‌ನ ಮ್ಯಾಕ್ಸ್ 9 ಸುಮಾರು 16,000 ಅಡಿ ಎತ್ತರದಲ್ಲಿದ್ದಾಗ ಬಾಗಿಲಿನ ಜಾಗ ಮುಚ್ಚಿದ್ದ ಫಲಕವೇ ಕಿತ್ತು ಹೋಯಿತು. ಕಾರ್ಖಾನೆಯಲ್ಲಿ ನಾಲ್ಕು ಬೋಲ್ಟ್ ಹಾಕಿರಲಿಲ್ಲ. ಯಾರೂ ಸಾಯಲಿಲ್ಲ. ನಮ್ಮವರು ಹತ್ತುವುದು ಮ್ಯಾಕ್ಸ್ 8, ಅದರಲ್ಲಿ ಆ ಫಲಕದ ಏರ್ಪಾಡು ಇಲ್ಲ. ಆದರೂ ಬೋಲ್ಟ್ ಮರೆತ ಕಾರ್ಖಾನೆಯ ಬಗ್ಗೆ ಜನರಿಗೆ ಸಿಟ್ಟು ಬಂದರೆ ತಪ್ಪೇನು?

ಕೆಲವರು ಬೋಯಿಂಗ್ ಬೇಡ, ಇನ್ನೊಂದು ಕಂಪನಿಯ “ಏರ್‌ಬಸ್ ಇದ್ದರೆ ಮಾತ್ರ ಮಾಡಿ” ಎನ್ನುತ್ತಾರೆ. ಅವರಿಗೆ ನಾನು 1990ರ ಫೆಬ್ರವರಿ 14ನ್ನು ನೆನಪಿಸುತ್ತೇನೆ. ಅಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಇಂಡಿಯನ್ ಏರ್‌ಲೈನ್ಸ್‌ನ ವಿಮಾನ ಬಿದ್ದು 92 ಜನ ಸತ್ತರು. ಅದು ಏರ್‌ಬಸ್ ಎ320. ಆಗ ಅದೇ ಹೊಸ ವಿಮಾನ, ಅದೇ ವಿವಾದದ ವಿಮಾನ. ಇಂಡಿಯನ್ ಏರ್‌ಲೈನ್ಸ್‌ನ ಎ320ಗಳನ್ನು ಸರ್ಕಾರ ತಿಂಗಳುಗಟ್ಟಲೆ ನಿಲ್ಲಿಸಿತ್ತು. ಇಂದು ಗೋವಾದಲ್ಲಿ ಇಳಿಯುವ ವಿಮಾನಗಳಲ್ಲಿ ಆ ಕುಟುಂಬದವೇ ಹೆಚ್ಚು.

2025ರ ಜೂನ್ 12ರ ಅಹಮದಾಬಾದ್ ದುರಂತದ ಮರುದಿನದಿಂದ ಫೋನ್ ನಿಲ್ಲಲಿಲ್ಲ. ಆಗ ಬೇಡವಾಗಿದ್ದು ಬೋಯಿಂಗ್ 787, ಡ್ರೀಮ್‌ಲೈನರ್. ವಿಮಾನದಲ್ಲಿದ್ದ 242 ಜನರಲ್ಲಿ ಉಳಿದದ್ದು ಒಬ್ಬರೇ. ಜುಲೈನಲ್ಲಿ ಬಂದ ಪ್ರಾಥಮಿಕ ವರದಿ, ಹಾರಿದ ಕೆಲವೇ ಕ್ಷಣಕ್ಕೆ ಎರಡೂ ಎಂಜಿನ್‌ನ ಇಂಧನದ ಸ್ವಿಚ್ ಬಂದ್ ಸ್ಥಿತಿಗೆ ಹೋಗಿದ್ದವು ಎಂದಿತು. ಯಾಕೆ ಎಂದು ಹೇಳಲಿಲ್ಲ. ಉತ್ತರ ಇಲ್ಲದ ಕಡೆ ಜನ ಏನನ್ನಾದರೂ ಹಿಡಿದುಕೊಳ್ಳುತ್ತಾರೆ. “11ಎ ಸೀಟು ಸಿಗುತ್ತಾ?” ಎಂದು ಕೇಳಿದವರು ಎಷ್ಟೋ ಜನ. ಬದುಕಿದವರು ಕೂತಿದ್ದ ಸೀಟು ಅದು, ತುರ್ತು ಬಾಗಿಲಿನ ಪಕ್ಕ. ಬೇರೆ ವಿಮಾನದಲ್ಲಿ 11ಎ ಪಕ್ಕ ಬಾಗಿಲೇ ಇರದೆ ಹೋಗಬಹುದು ಎಂದು ಹೇಳಿದೆ. ಆದರೂ ಬೇಕು ಎಂದವರಿಗೆ ಕೊಟ್ಟೆ.

ಈಗ ಅಂಗಡಿಯ ವಿಷಯ. ಬುಕಿಂಗ್ ಮಾಡುವಾಗಲೇ ಪರದೆ ಮೇಲೆ ವಿಮಾನದ ಗುರುತು ಬರುತ್ತದೆ. 7ಎಂ8 ಎಂದರೆ ಮ್ಯಾಕ್ಸ್ 8. 738 ಎಂದರೆ ಹಳೆಯ 737-800. 788 ಎಂದರೆ ಡ್ರೀಮ್‌ಲೈನರ್. 32ಎನ್ ಎಂದರೆ ಎ320 ನಿಯೊ. ಕೆಲವು ಕಡೆ ಮ್ಯಾಕ್ಸ್ ಎಂಬ ಹೆಸರೇ ಇಲ್ಲದೆ 737-8 ಎಂದಷ್ಟೇ ಇರುತ್ತದೆ. ಅದನ್ನು 737-800 ಎಂದುಕೊಳ್ಳಬೇಡಿ, ಎರಡೂ ಬೇರೆ. ಹಣ ಕೊಡುವ ಮೊದಲೇ ಕೇಳಿ. ಆಮೇಲೆ ಮಾದರಿ ಬೇಡವೆಂದು ರದ್ದು ಮಾಡಿದರೆ ಎಲ್ಲರಂತೆ ನಿಮ್ಮದೂ ದುಡ್ಡು ಕಡಿತವಾಗುತ್ತದೆ.

ಕೇಳಿದರೂ ಖಾತರಿ ಇಲ್ಲ, ಅದೇ ನನಗೆ ಬೇಸರ. ಅಂಕೋಲಾದ ಒಬ್ಬ ದಂಪತಿಗೆ ಹುಡುಕಿ ಹುಡುಕಿ ಏರ್‌ಬಸ್ ಮಾಡಿಕೊಟ್ಟಿದ್ದೆ. ನಿಲ್ದಾಣ ತಲುಪುವಷ್ಟರಲ್ಲಿ ವಿಮಾನ ಬದಲಾಗಿ ಮ್ಯಾಕ್ಸ್ ಬಂದಿತ್ತು. ಕೌಂಟರ್‌ನಲ್ಲಿ ಕೇಳಿದರೆ, “ಯಾವುದಾದರೇನು, ಬೇಕಾದರೆ ಹತ್ತಿ” ಎಂದರಂತೆ. ಆ ಹೆಂಗಸು ದಾರಿಯುದ್ದಕ್ಕೂ ಕಣ್ಣೀರು ಹಾಕಿದರು. ನಾನು ಆ ಕಂಪನಿಗೆ ಬರೆದೆ. ವಿಮಾನ ಬದಲಿಸುವ ಹಕ್ಕು ತಮಗಿದೆ ಎಂದು ಉತ್ತರ ಬಂತು. ಹಕ್ಕು ಇದೆ, ಷರತ್ತುಗಳಲ್ಲೇ ಬರೆದಿರುತ್ತದೆ. ಆದರೆ ಹಿಂದಿನ ದಿನ ಒಂದು ಮೆಸೇಜ್ ಹಾಕಲು ಏನು ಕಷ್ಟ? ಹೆದರಿದವರೊಡನೆ ಎರಡು ನಿಮಿಷ ಮಾತಾಡಲು ಏನು ಕಷ್ಟ?

ಸದಾಶಿವಗಡದ ಅಮ್ಮನಿಗೆ ಇದನ್ನೆಲ್ಲ ಹೇಳಲು ಅರ್ಧ ಗಂಟೆ ಹಿಡಿಯಿತು. ನಾಲ್ಕು ದಿನ ಬಿಟ್ಟು ಹೋದರೆ ಬೇರೆ ವಿಮಾನ ಇದೆ, ದರ ಸ್ವಲ್ಪ ಜಾಸ್ತಿ ಎಂದೂ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು. “ಈಗ ಪೈಲಟ್‌ಗೆ ಎಲ್ಲ ಗೊತ್ತುಂಟಾ?” ಗೊತ್ತು, ಕಲಿಸಿದ್ದಾರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತರು. “ಸೇತುವೆ ಬಿದ್ದ ಮೇಲೆ ಹದಿನೈದು ದಿನ ನಾನು ಕಾರವಾರದ ಕಡೆ ಬರಲೇ ಇಲ್ಲ. ಆಮೇಲೆ ಬಂದೆ. ಇವತ್ತೂ ಅದನ್ನೇ ದಾಟಿ ಬಂದೆನಲ್ಲ” ಎಂದರು. ಮಗನನ್ನು ಕೇಳಿ ಹೇಳುತ್ತೇನೆಂದು ಹೋದವರು ಮರುದಿನ ಫೋನ್ ಮಾಡಿದರು. “ಅದನ್ನೇ ಮಾಡು ತಂಗೀ. ಹೆರಿಗೆಗೆ ಮೊದಲು ತಲುಪಬೇಕು. ಆದರೆ ವಿಮಾನ ಬದಲಾದರೆ ನನಗೆ ಮೊದಲೇ ಹೇಳು.”

ಹೊರಡುವ ಎರಡು ದಿನ ಮೊದಲು ಒಮ್ಮೆ, ಹಿಂದಿನ ಸಂಜೆ ಇನ್ನೊಮ್ಮೆ ನೋಡಬೇಕು. ಡೈರಿಯಲ್ಲಿ ಬರೆದುಕೊಂಡಿದ್ದೇನೆ.