ಮೂರನೇ ಸಂಚಿಕೆ ಎಲ್ಲಿ ಹೋಯಿತು? ‘ಡಾಕ್ಟರ್ ಹೂ’ ಹಳೇ ಕಥೆಗಳ ಹಿನ್ನೆಲೆ

ಬಿಬಿಸಿಯ ವೈಜ್ಞಾನಿಕ ಧಾರಾವಾಹಿ ‘ಡಾಕ್ಟರ್ ಹೂ’ವಿನ ಹಳೇ ಕಥೆ ‘ದ ವೆಬ್ ಆಫ್ ಫಿಯರ್’ ನೋಡುತ್ತಾ ಮೂರನೇ ಸಂಚಿಕೆಗೆ ಬಂದ ಕೂಡಲೇ ಚಿತ್ರ ನಿಂತುಬಿಡುತ್ತದೆ. ಡಿವಿಡಿ ಕೆಟ್ಟಿಲ್ಲ. ಲಂಡನ್ನಿನ ಅಂಡರ್‌ಗ್ರೌಂಡ್ ರೈಲಿನ ಸುರಂಗ, ಕತ್ತಲು, ಒಬ್ಬ ಸೇನಾಧಿಕಾರಿಯ ಮುಖ, ಎಲ್ಲವೂ ಒಂದಾದ ಮೇಲೊಂದು ಬರುವ ಫೋಟೋಗಳು. ಮಾತು ಮಾತ್ರ ಪೂರ್ತಿ ಕೇಳುತ್ತದೆ. ಆ ಅಧಿಕಾರಿಯೇ ಲೆತ್‌ಬ್ರಿಜ್-ಸ್ಟುವರ್ಟ್. ಮುಂದೆ ಬ್ರಿಗೇಡಿಯರ್ ಆಗಿ ವರ್ಷಗಟ್ಟಲೆ ಧಾರಾವಾಹಿಯ ನಾಯಕ ‘ಡಾಕ್ಟರ್’ ಬೆನ್ನಿಗೆ ನಿಂತ ಪಾತ್ರ. ಅವರು ಮೊದಲ ಸಲ ಮುಖ ತೋರಿಸಿದ್ದು ಈ ಸಂಚಿಕೆಯಲ್ಲೇ. ಆರು ಸಂಚಿಕೆಗಳಲ್ಲಿ ಐದು ಸಿಕ್ಕಿವೆ. ಇದೊಂದೇ ಸಿಕ್ಕಿಲ್ಲ.

ಹೊಸ ಸೀಸನ್‌ಗಳನ್ನು ನೋಡಿ ಇಷ್ಟಪಟ್ಟು, ಸರಿ, ಮೊದಲಿಂದ ನೋಡೋಣ ಅಂತ ಕೂತವರೆಲ್ಲ ಇಂಥ ಕಡೆ ಎಡವುತ್ತಾರೆ. ಒಂದು ಕಥೆ ಕಪ್ಪು-ಬಿಳುಪು. ಇನ್ನೊಂದು ಪೂರ್ತಿ ಕಾರ್ಟೂನ್. ಮತ್ತೊಂದರಲ್ಲಿ ಅರ್ಧ ಅಸಲಿ, ಅರ್ಧ ಕಾರ್ಟೂನ್. ಒಂದು ಕಥೆಗೆ ಬಣ್ಣ ಹಚ್ಚಿದ್ದಾರೆ, ಆದರೆ ಅರ್ಧಕ್ಕಿಂತ ಜಾಸ್ತಿ ಕತ್ತರಿಸಿದ್ದಾರೆ. ಇದೆಲ್ಲ ಯಾಕೆ ಹೀಗಾಯಿತು ಅಂತ ತಿಳಿಯಬೇಕಾದರೆ 60 ವರ್ಷ ಹಿಂದಕ್ಕೆ ಹೋಗಬೇಕು.

1963ರ ನವೆಂಬರ್ 23, ಶನಿವಾರ ಸಂಜೆ ಬಿಬಿಸಿಯಲ್ಲಿ ಮೊದಲ ಸಂಚಿಕೆ ಬಂತು. ಹಿಂದಿನ ದಿನವಷ್ಟೇ ಅಮೆರಿಕದಲ್ಲಿ ಕೆನಡಿ ಹತ್ಯೆಯಾಗಿತ್ತು. ಜನರ ಗಮನ ಅಲ್ಲಿತ್ತು. ಹಾಗಾಗಿ ಮುಂದಿನ ವಾರ ಅದೇ ಸಂಚಿಕೆಯನ್ನು ಮತ್ತೆ ಹಾಕಿ, ಅದರ ಬೆನ್ನಿಗೇ ಎರಡನೆಯದನ್ನು ತೋರಿಸಿದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರಿಗೆ ಆಗ 27 ವರ್ಷ. ನಿರ್ದೇಶಕ ವಾರಿಸ್ ಹುಸೇನ್ ಅವರಿಗೆ 24. ಹುಸೇನ್ ಹುಟ್ಟಿದ್ದು ನಮ್ಮ ಲಖನೌದಲ್ಲಿ. ಡಾಕ್ಟರ್ ಪಾತ್ರದಲ್ಲಿ ಮೊದಲು ವಿಲಿಯಂ ಹಾರ್ಟ್‌ನೆಲ್, 1966ರಿಂದ ಪ್ಯಾಟ್ರಿಕ್ ಟ್ರೌಟನ್. ಇವರಿಬ್ಬರ ಕಾಲದ ಆರು ವರ್ಷಗಳಲ್ಲಿ ಬಂದ ಸಂಚಿಕೆಗಳು 253.

ಆಗಿನ ವಿಡಿಯೊ ಟೇಪ್ ಎರಡು ಇಂಚು ಅಗಲದ್ದು, ತುಂಬಾ ದುಬಾರಿ. ಅಳಿಸಿದರೆ ಮತ್ತೆ ಬಳಸಬಹುದಿತ್ತು. ಕಲಾವಿದರ ಸಂಘದ ಜೊತೆಗಿನ ಒಪ್ಪಂದದ ಪ್ರಕಾರ ಒಂದು ಕಾರ್ಯಕ್ರಮವನ್ನು ಬೇಕಾದಷ್ಟು ಸಲ ಮರುಪ್ರಸಾರ ಮಾಡುವ ಹಾಗೂ ಇರಲಿಲ್ಲ. ಮನೆಯಲ್ಲಿ ಕೂತು ಹಳೇ ಧಾರಾವಾಹಿ ನೋಡುವ ಕಾಲ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? 1967ರಲ್ಲೇ ಅಳಿಸುವ ಕೆಲಸ ಶುರುವಾಯಿತು. ಬಣ್ಣದ ಟಿವಿ ಬಂದ ಮೇಲಂತೂ ಕಪ್ಪು-ಬಿಳುಪಿಗೆ ಬೆಲೆಯೇ ಇಲ್ಲದಾಯಿತು. 70ರ ದಶಕದ ಮಧ್ಯದ ಹೊತ್ತಿಗೆ ಆ 253 ಸಂಚಿಕೆಗಳ ಮೂಲ ಟೇಪ್ ಒಂದೂ ಉಳಿದಿರಲಿಲ್ಲ.

ಹಾಗಾದರೆ ಇವತ್ತು ನಾವು ನೋಡುತ್ತಿರುವುದು ಏನನ್ನು? ವಿದೇಶಕ್ಕೆ ಮಾರಲು ಮಾಡಿದ 16 ಎಂಎಂ ಫಿಲ್ಮ್ ಪ್ರತಿಗಳನ್ನು. ಟಿವಿ ಪರದೆಯ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದ ಪ್ರತಿಗಳವು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಹಾಂಗ್‌ಕಾಂಗ್, ನೈಜೀರಿಯಾ ಹೀಗೆ ಊರೂರು ಸುತ್ತಿದವು. ತೋರಿಸಿ ಮುಗಿದ ಮೇಲೆ ವಾಪಸ್ ಕಳಿಸಬೇಕು, ಇಲ್ಲವೇ ಮುಂದಿನ ದೇಶಕ್ಕೆ ಸಾಗಿಸಬೇಕು, ಅದೂ ಆಗದಿದ್ದರೆ ನಾಶ ಮಾಡಬೇಕು. ಆದರೆ 70ರ ದಶಕದಲ್ಲಿ ಮಾರಾಟದ ಅವಧಿ ಮುಗಿದ ಫಿಲ್ಮ್‌ಗಳನ್ನೂ ಎಸೆಯತೊಡಗಿದರು. ಟೇಪ್ ಅಳಿಸಿದ ವಿಭಾಗ ಫಿಲ್ಮ್ ಇದೆಯಲ್ಲ ಅಂದುಕೊಂಡಿತು. ಫಿಲ್ಮ್ ಎಸೆದ ವಿಭಾಗ ಟೇಪ್ ಇರುತ್ತದಲ್ಲ ಅಂದುಕೊಂಡಿತು. ಎಲ್ಲವನ್ನೂ ಕಾಪಾಡುವುದು ಇವರ ಕೆಲಸ ಅಂತ ಆಗ ಯಾರಿಗೂ ವಹಿಸಿರಲಿಲ್ಲ. 1978ರಲ್ಲಿ ಇದು ನಿಂತಿತು. ಡಾಕ್ಟರ್‌ನ ಬದ್ಧವೈರಿಗಳಾದ, ಲೋಹದ ಕವಚದೊಳಗಿನ ಡಾಲೆಕ್‌ಗಳು ಮೊದಲ ಬಾರಿ ಕಾಣಿಸಿಕೊಂಡ ಏಳು ಸಂಚಿಕೆಯ ಕಥೆ ಆಗ ನಾಶದ ಸರದಿಯಲ್ಲಿತ್ತು. ಕೂದಲೆಳೆಯಲ್ಲಿ ಉಳಿಯಿತು.

ಇಲ್ಲಿಂದ ಮುಂದಿನದು ಅಭಿಮಾನಿಗಳ ಕಥೆ. ನನಗೆ ಜಾಸ್ತಿ ಇಷ್ಟವಾಗುವ ಭಾಗವೂ ಇದೇ.

ಕಳೆದುಹೋದ ಸಂಚಿಕೆಗಳಲ್ಲಿ ಪ್ರತಿಯೊಂದರ ಧ್ವನಿಯೂ ಉಳಿದಿದೆ. ಒಂದೂ ಬಿಟ್ಟುಹೋಗಿಲ್ಲ! ಉಳಿಸಿದ್ದು ಯಾವ ಸಂಸ್ಥೆಯೂ ಅಲ್ಲ, ಟಿವಿ ಮುಂದೆ ಕೂತಿದ್ದ ಹುಡುಗರು. ಮನೆಯ ಟೇಪ್ ರೆಕಾರ್ಡರ್ ತಂದಿಟ್ಟು, ಮೈಕನ್ನು ಟಿವಿಯ ಸ್ಪೀಕರ್‌ಗೆ ಹಿಡಿದು, ಮನೆಯವರಿಗೆಲ್ಲ ‘ಶ್, ಮಾತಾಡಬೇಡಿ’ ಅಂತ ಹೇಳಿ ರೆಕಾರ್ಡ್ ಮಾಡಿಕೊಂಡರು. ಇನ್ನೂ ಜಾಣರು ಟಿವಿಗೇ ವೈರ್ ಕೊಟ್ಟರು. ಅವರಿಗೆ ಬೇಕಿದ್ದುದು ಕಥೆಯನ್ನು ಮತ್ತೊಮ್ಮೆ ಕೇಳುವುದು, ಅಷ್ಟೇ.

ಚಿತ್ರಗಳು ಬಂದದ್ದು ಜಾನ್ ಕ್ಯೂರಾ ಎಂಬ ಫೋಟೋಗ್ರಾಫರ್ ಕಡೆಯಿಂದ. ಕಾರ್ಯಕ್ರಮ ಪ್ರಸಾರವಾಗುತ್ತಿದ್ದಾಗಲೇ ಟಿವಿ ಪರದೆಯ ಫೋಟೋ ತೆಗೆದು, ನಟರಿಗೂ ನಿರ್ದೇಶಕರಿಗೂ ಮಾರುವುದು ಅವರ ಕಸುಬು. ಒಂದು ಸಂಚಿಕೆಗೆ ಸುಮಾರು 60 ಪುಟ್ಟ ಫೋಟೋಗಳು. ಇವಕ್ಕೆ ಟೆಲಿಸ್ನ್ಯಾಪ್ ಅಂತ ಹೆಸರು. 1964ರ ‘ಮಾರ್ಕೊ ಪೋಲೊ’ ಕಥೆಯ ಏಳು ಸಂಚಿಕೆಗಳೂ ಹೋಗಿವೆ. ಆದರೆ ಅದರಲ್ಲಿ ಆರನ್ನು ನಿರ್ದೇಶಿಸಿದ್ದ ವಾರಿಸ್ ಹುಸೇನ್ ತಮ್ಮ ಸಂಚಿಕೆಗಳ ಟೆಲಿಸ್ನ್ಯಾಪ್ ಕೊಂಡು ಜೋಪಾನವಾಗಿ ಇಟ್ಟುಕೊಂಡಿದ್ದರು. ಅವು ಸಿಕ್ಕವು. ನಾಲ್ಕನೆಯದನ್ನು ನಿರ್ದೇಶಿಸಿದವರು ಬೇರೆಯವರು. ಆ ಒಂದಕ್ಕೆ ಮಾತ್ರ ಟೆಲಿಸ್ನ್ಯಾಪ್ ಇಲ್ಲ.

ಧ್ವನಿಗೆ ಈ ಫೋಟೋಗಳನ್ನು ಹೊಂದಿಸಿ ಅಭಿಮಾನಿಗಳೇ ಸಂಚಿಕೆಗಳನ್ನು ಮತ್ತೆ ಕಟ್ಟಿದರು. ವಿಡಿಯೊ ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಪ್ರತಿ ಮಾಡಿ ಹಂಚಿಕೊಂಡರು. ನೋಡಲು ತಾಳ್ಮೆ ಬೇಕು, ನಿಜ. ಆದರೆ ಒಮ್ಮೆ ರೂಢಿಯಾದರೆ ಸಂಗೀತ, ಮಾತಿನ ಏರಿಳಿತ, ಹೆಜ್ಜೆ ಸಪ್ಪಳ ಎಲ್ಲ ಸೇರಿ ನಿಮ್ಮನ್ನು ಕಥೆಯೊಳಗೆ ಎಳೆದುಕೊಳ್ಳುತ್ತವೆ.

ಈ ನಡುವೆ ಅಸಲಿ ಸಂಚಿಕೆಗಳೂ ಒಂದೊಂದಾಗಿ ಸಿಗುತ್ತಾ ಬಂದವು. 1983ರಲ್ಲಿ ಎರಡು ಸಿಕ್ಕಿದ್ದು ಲಂಡನ್ನಿನ ಒಂದು ಚರ್ಚ್ ಕಟ್ಟಡದಲ್ಲಿ. 2011ರಲ್ಲಿ ವಾಪಸ್ ಬಂದ ಎರಡು ಸಂಚಿಕೆಗಳನ್ನು ಟಿವಿ ಎಂಜಿನಿಯರ್ ಆಗಿದ್ದ ಒಬ್ಬರು 80ರ ದಶಕದಲ್ಲಿ ಶಾಲೆಯೊಂದರ ಮೇಳದಲ್ಲಿ ಕೊಂಡಿದ್ದರು. ಹೀಗೆ ಸಿಕ್ಕಾಗಲೆಲ್ಲ ಹಳೇ ಅಭಿಪ್ರಾಯಗಳು ಅಲುಗಾಡಿದವು.

1992ರಲ್ಲಿ ‘ದ ಟೂಂಬ್ ಆಫ್ ದ ಸೈಬರ್‌ಮೆನ್’ ಕಥೆಯ ನಾಲ್ಕೂ ಸಂಚಿಕೆಗಳು ಹಾಂಗ್‌ಕಾಂಗ್‌ನಿಂದ ಬಂದವು. ಅಲ್ಲಿಯವರೆಗೆ ಅದನ್ನು ಚಿಕ್ಕಂದಿನಲ್ಲಿ ನೋಡಿದವರ ಬಾಯಲ್ಲಿ ಅದರಂಥ ಕಥೆ ಇನ್ನೊಂದಿಲ್ಲ. ಕಣ್ಣಾರೆ ನೋಡಿದಾಗ ಪಾತ್ರವನ್ನು ಮೇಲೆತ್ತುವ ತಂತಿ ಕೂಡ ಕಂಡಿತು. ಕೆಲವರಿಗೆ ನಿರಾಸೆಯಾಯಿತು. ಆದರೂ ಹಿಮಗೂಡುಗಳಿಂದ ಅರೆಯಂತ್ರ ಮನುಷ್ಯರಾದ ಸೈಬರ್‌ಮೆನ್ ಹೊರಬರುವ ದೃಶ್ಯ ಇವತ್ತಿಗೂ ಮೈ ನಡುಗಿಸುತ್ತದೆ.

‘ದ ಎನಿಮಿ ಆಫ್ ದ ವರ್ಲ್ಡ್’ ವಿಷಯದಲ್ಲಿ ಆಗಿದ್ದು ಉಲ್ಟಾ. ಆರು ಸಂಚಿಕೆಗಳಲ್ಲಿ ಬಹಳ ವರ್ಷ ಉಳಿದಿದ್ದು ಮೂರನೆಯದು ಮಾತ್ರ. ಅದರಲ್ಲಿ ಓಡಾಟ ಕಮ್ಮಿ, ಅಡುಗೆಮನೆಯ ಮಾತುಕತೆಯೇ ಜಾಸ್ತಿ. ಅದೊಂದನ್ನೇ ನೋಡಿ ಕಥೆ ನೀರಸ ಅಂತ ತೀರ್ಪು ಕೊಟ್ಟುಬಿಟ್ಟಿದ್ದರು. 2013ರಲ್ಲಿ ಫಿಲಿಪ್ ಮಾರಿಸ್ ಎಂಬ ಶೋಧಕರು ನೈಜೀರಿಯಾದ ಜೋಸ್ ಪಟ್ಟಣದ ಟಿವಿ ಮರುಪ್ರಸಾರ ಕೇಂದ್ರದಿಂದ ಒಂಬತ್ತು ಸಂಚಿಕೆ ತಂದರು. ಉಗ್ರಾಣದಲ್ಲಿದ್ದ ಡಬ್ಬಿಗಳ ಧೂಳು ಒರೆಸಿದಾಗ, ಅಂಟಿಸಿದ ಟೇಪಿನ ಮೇಲೆ ‘ಡಾಕ್ಟರ್ ಹೂ’ ಅಂತ ಬರೆದದ್ದು ಕಂಡಿತಂತೆ. ಐದು ಸಂಚಿಕೆ ಸೇರಿ ಈ ಕಥೆ ಪೂರ್ತಿಯಾಯಿತು. ಮೊದಲ ಸಂಚಿಕೆಯಲ್ಲೇ ಸಮುದ್ರತೀರ, ಹೋವರ್‌ಕ್ರಾಫ್ಟ್, ಹೆಲಿಕಾಪ್ಟರ್! ಡಾಕ್ಟರ್ ಮತ್ತು ಸರ್ವಾಧಿಕಾರಿ ಸಾಲಮಂಡರ್, ಎರಡೂ ಟ್ರೌಟನ್ನರೇ. ನಿಲ್ಲುವ ರೀತಿ, ಕಣ್ಣು ತಿರುಗಿಸುವ ರೀತಿಯೇ ಬೇರೆ. ಫೋಟೋದಲ್ಲಿ ಅದು ಕಾಣುವುದಾದರೂ ಹೇಗೆ? 45 ವರ್ಷ ಒಂದು ಒಳ್ಳೇ ಕೆಲಸವನ್ನು ಅದರ ಆರನೇ ಒಂದು ಭಾಗ ನೋಡಿ ತಳ್ಳಿಹಾಕಿದ್ದೆವು.

ಉಳಿದ ನಾಲ್ಕು ‘ದ ವೆಬ್ ಆಫ್ ಫಿಯರ್’ ಕಥೆಯವು. ಅದರ ಮೂರನೇ ಸಂಚಿಕೆಯೂ ಜೋಸ್‌ನಲ್ಲಿತ್ತು, ರೀಲುಗಳು ಅಲ್ಲಿಂದ ಹೊರಡುವಷ್ಟರಲ್ಲಿ ಕಾಣೆಯಾಯಿತು ಎಂದು ಮಾರಿಸ್ ಹೇಳಿದ್ದಾರೆ. ಹೀಗೆ ಒಂಬತ್ತು ಬಂದ ಮೇಲೆ ಕಾಣೆಯಾದವುಗಳ ಲೆಕ್ಕ 97ಕ್ಕೆ ಇಳಿಯಿತು.

ಕಾರ್ಟೂನ್‌ಗಳು ಬಂದದ್ದು ಈ ಖಾಲಿ ಜಾಗ ತುಂಬಲು. 2006ರಲ್ಲಿ ‘ದ ಇನ್ವೇಶನ್’ ಕಥೆಯ ಕಳೆದುಹೋದ ಎರಡು ಸಂಚಿಕೆಗಳಿಗೆ ಹಳೇ ಧ್ವನಿಯನ್ನೇ ಇಟ್ಟುಕೊಂಡು ಮಾಡಿದರು. 2016ರಲ್ಲಿ ‘ದ ಪವರ್ ಆಫ್ ದ ಡಾಲೆಕ್ಸ್’ ಆರೂ ಸಂಚಿಕೆ ಬಂದವು. ‘ದ ವೆಬ್ ಆಫ್ ಫಿಯರ್’ ಕಥೆಯ ಆ ಮೂರನೇ ಸಂಚಿಕೆಗೂ 2021ರಲ್ಲಿ ಕಾರ್ಟೂನ್ ಬಂತು. ಹೊಸಬರಿಗೆ ಇದು ಒಳ್ಳೇ ಬಾಗಿಲು, ಅದರಲ್ಲಿ ಅನುಮಾನವಿಲ್ಲ.

ಬಣ್ಣದ ಆವೃತ್ತಿಗಳ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. 2023ರ ನವೆಂಬರ್ 23ರಂದು, 60 ವರ್ಷ ತುಂಬಿದ ದಿನ, ಮೊದಲ ಡಾಲೆಕ್ ಕಥೆಗೆ ಬಣ್ಣ ಹಚ್ಚಿ ತೋರಿಸಿದರು. ಏಳು ಸಂಚಿಕೆ 75 ನಿಮಿಷಕ್ಕೆ ಇಳಿಯಿತು. 2024ರಲ್ಲಿ ಹತ್ತು ಸಂಚಿಕೆಯ ‘ದ ವಾರ್ ಗೇಮ್ಸ್’ 90 ನಿಮಿಷವಾಯಿತು. ಬಣ್ಣ ಚೆನ್ನಾಗಿಯೇ ಇದೆ. ಆದರೆ ಆ ಕಥೆಗಳ ಭಯ ಇರುವುದೇ ನಿಧಾನದಲ್ಲಿ ಅಲ್ವಾ? ಮೊದಲ ಡಾಲೆಕ್ ಎದುರಾಗುವ ಮುಂಚೆ ಡಾಕ್ಟರ್ ಜೊತೆಗಾರ್ತಿ ಬಾರ್ಬರಾ ಆ ಖಾಲಿ ನಗರದಲ್ಲಿ ಒಬ್ಬಳೇ ಅಲೆಯುವ ಹೊತ್ತಿದೆಯಲ್ಲ, ಅದನ್ನು ಅವಸರದಲ್ಲಿ ನೋಡಿದರೆ ಏನು ಸಿಕ್ಕೀತು? ಅದೇ 2023ರ ನವೆಂಬರ್ 1ಕ್ಕೆ ಬಿಬಿಸಿ 800ಕ್ಕೂ ಹೆಚ್ಚು ಸಂಚಿಕೆಗಳನ್ನು ತನ್ನ ಆನ್‌ಲೈನ್ ಸೇವೆ ಐಪ್ಲೇಯರ್‌ನಲ್ಲಿ ಹಾಕಿತು. ಆದರೆ ಹಕ್ಕಿನ ವಿಷಯ ಇತ್ಯರ್ಥವಾಗದೆ, 1963ರ ಮೊಟ್ಟಮೊದಲ ಕಥೆಯ ನಾಲ್ಕು ಸಂಚಿಕೆ ಅದರಲ್ಲಿರಲಿಲ್ಲ.

ಹುಡುಕಾಟ ಈಗ ಜಾಸ್ತಿ ನಡೆಯುತ್ತಿರುವುದು ಫಿಲ್ಮ್ ಸಂಗ್ರಾಹಕರ ಮನೆಗಳಲ್ಲಿ. ಅವರಿಗೆಲ್ಲ ವಯಸ್ಸಾಗಿದೆ. ಅವರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವವರಿಗೆ ತುಕ್ಕು ಹಿಡಿದ ಡಬ್ಬಿಯಲ್ಲಿ ಏನಿದೆ ಅಂತ ಗೊತ್ತಿರುವುದಿಲ್ಲ. ಆ ಕಾಲದ ಫಿಲ್ಮ್ ಕೆಡುವಾಗ ವಿನೆಗರ್ ವಾಸನೆ ಬರುತ್ತದೆ, ಆಮೇಲೆ ಕುಗ್ಗಿ, ಸೊಟ್ಟಗಾಗಿ, ಯಂತ್ರಕ್ಕೆ ಹಾಕಲೂ ಆಗುವುದಿಲ್ಲ. ಡಬ್ಬಿ ಸಿಕ್ಕರೆ ಸಾಲದು, ಆ ವಾಸನೆ ಬರುವ ಮುಂಚೆ ಸಿಗಬೇಕು.